ಚಕ್ಕೋತದ ಪರವಾಗಿ ನಾನು ಬರೆದ ಅರ್ಜಿ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ದೇಶದ ಕಾನೂನಿನಲ್ಲಿ ಒಂದು ದೊಡ್ಡ ಕೊರತೆಯಿದೆಯೆಂದು ಕಂಡುಹಿಡಿದು, ಅದನ್ನು ಸರಿಪಡಿಸಲು ಹೊರಟ ಮೇಷ್ಟರು ಹೊಸಕೋಟೆಯಲ್ಲಿ ಒಬ್ಬರಿದ್ದರು. ಅದು ನಾನೇ!

ನಾನು ಹುಟ್ಟಿ ಬೆಳೆದದ್ದು ದೇವನಹಳ್ಳಿ. ಹಿತ್ತಲಲ್ಲಿ ಅಪ್ಪ ನೆಟ್ಟ ಚಕ್ಕೋತದ ಮರವಿತ್ತು. ತೊಳೆ ಕೆಂಪಗೆ, ಕಹಿ ಎಂಬುದೇ ಇಲ್ಲ. ಅಣ್ಣತಮ್ಮಂದಿರಲ್ಲಿ ಪಾಲಾಗಿ ಮನೆ ಮಾರಿದಾಗ ನಾನು ಅತ್ತದ್ದು ಮನೆಗಲ್ಲ, ಆ ಮರಕ್ಕೆ. ಹೊರಡುವ ಮೊದಲು ಅದರ ಕೊಂಬೆಯೊಂದಕ್ಕೆ ಮಣ್ಣು ಕಟ್ಟಿ, ಬೇರು ಬರಿಸಿ, ಆ ಗಿಡವನ್ನು ತಂದು ಹೊಸಕೋಟೆಯ ನಮ್ಮ ಹಿತ್ತಲಲ್ಲಿ ನೆಟ್ಟೆ. ಐದು ವರ್ಷ ಸಾಕಿದ ಮೇಲೆ ಅದು ಒಂದೇ ಒಂದು ಹಣ್ಣು ಬಿಟ್ಟಿತು. ಆ ರುಚಿ ಮತ್ತೆ ನಾಲಿಗೆಗೆ ಸಿಗುತ್ತದೆಂದು ದಿನಾ ಅದನ್ನು ಸವರಿ ಬರುತ್ತಿದ್ದೆ.

ಆಗಲೇ ಸಂತೆಯಲ್ಲಿ ಒಬ್ಬ "ದೇವನಹಳ್ಳಿ ಚಕ್ಕೋತ!" ಎಂದು ಕೂಗುವುದು ಕೇಳಿಸಿತು. ಓಡಿದೆ. ಒಂದು ತೊಳೆ ಬಾಯಿಗಿಟ್ಟೆ. ಬೇವು!

"ಇದು ದೇವನಹಳ್ಳೀದಲ್ಲ ಕಣಯ್ಯಾ!"

"ಹಂಗಂದ್ರೇನೇ ಸಾಮಿ ಜನ ತಗೊಳ್ಳೋದು. ಊರ ಹೆಸ್ರೇನು ನಿಮ್ಮಪ್ಪಂದಾ?"

ನನ್ನ ಪಿತ್ತ ನೆತ್ತಿಗೇರಿತು. ಮನೆಗೆ ಬಂದವನೇ ವ್ಯಾಪಾರದ ಹೆಸರುಗಳ ವಿಷಯ ನೋಡಿಕೊಳ್ಳುವ ಬೆಂಗಳೂರಿನ ಕಚೇರಿಯೊಂದಕ್ಕೆ ಅರ್ಜಿ ಬರೆದೆ: "ದೇವನಹಳ್ಳಿಯ ಮಣ್ಣಿನಲ್ಲಿ ಬೆಳೆಯದ ಯಾವ ಹಣ್ಣನ್ನೂ, ಯಾವ ವ್ಯಕ್ತಿಯೂ, ಯಾವ ಕಾರಣಕ್ಕೂ ದೇವನಹಳ್ಳಿ ಚಕ್ಕೋತವೆಂದು ಕರೆಯತಕ್ಕದ್ದಲ್ಲ." ಈ ವಾಕ್ಯವನ್ನು ಹೆಂಡತಿ ಲಲಿತಳಿಗೆ ಮೂರು ಸಲ ಓದಿ ಹೇಳಿದೆ. ಅವಳು ದೇವನಹಳ್ಳಿಯ ಪಕ್ಕದೂರು ವಿಜಯಪುರದವಳು, ಚಕ್ಕೋತದ ವಿಷಯದಲ್ಲಿ ಭಕ್ತಿ ಕಡಿಮೆ.

ತಿಂಗಳಾದ ಮೇಲೆ ಉತ್ತರ ಬಂತು. ಮಾದರಿ ಹಣ್ಣಿನೊಡನೆ ಖುದ್ದಾಗಿ ಬರಬೇಕಂತೆ. ನಾನು ಸೀದಾ ಹಿತ್ತಲಿಗೆ ನಡೆದೆ.

"ಐದು ವರ್ಷ ಕಾದಿದ್ದೀರಿ, ಮೊದ್ಲು ನೀವು ಕುಯ್ದು ತಿನ್ರೀ. ದೇವನಹಳ್ಳಿಗೆ ಹೋಗಿ ಬೇರೆ ತಂದ್ಕೊಟ್ರಾಯ್ತು" ಎಂದಳು ಲಲಿತ.

"ಅಪ್ಪನ ಮರದ ಹಣ್ಣಿರುವಾಗ ಬೇರೆ ಯಾಕೆ? ಇದು ಕಾನೂನಿಗೆ ಮೀಸಲು!"

ಹೊಸ ಟವೆಲಿನಲ್ಲಿ ಹಣ್ಣನ್ನು ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಸಾಹೇಬರು ಸಜ್ಜನರು. ಹಣ್ಣು ಬಿಡಿಸಿ ತಾವೊಂದು ತೊಳೆ ತೆಗೆದುಕೊಂಡು, ಗುಮಾಸ್ತರಿಗೊಂದು, ನನಗೊಂದು ಕೊಟ್ಟರು. ಸಂತೆಯ ಹಣ್ಣಿಗಿಂತ ಕಹಿ! ಗುಮಾಸ್ತರು ಉಗಿಯಲು ಕಿಟಕಿಯ ಕಡೆಗೆ ಓಡಿದರು.

"ಮೇಷ್ಟ್ರೇ, ಇದರ ಮರ ಎಲ್ಲಿದೆ?"

"ಹೊಸಕೋಟೇಲಿ ಸಾರ್. ನಮ್ಮ ಹಿತ್ತಲಲ್ಲಿ."

ಅವರು ಕನ್ನಡಕ ಏರಿಸಿ ನನ್ನ ಅರ್ಜಿಯ ಆ ವಾಕ್ಯವನ್ನೇ ನಿಧಾನವಾಗಿ ಓದಿದರು. ಯಾವ ಹಣ್ಣನ್ನೂ, ಯಾವ ವ್ಯಕ್ತಿಯೂ, ಯಾವ ಕಾರಣಕ್ಕೂ! "ಹೆಸರಿನ ಹಕ್ಕು ಒಬ್ಬ ವ್ಯಾಪಾರಿಗೆ ಕೊಡಬಹುದು, ಊರಿಗೆ ಕೊಡೋ ಕಾನೂನು ಇನ್ನೂ ಬಂದಿಲ್ಲ. ನಿಮ್ಮ ಪುಣ್ಯ! ಬಂದಿದ್ದಿದ್ರೆ ಮೊದಲ ಕೇಸು ನಿಮ್ಮ ಮೇಲೇ ಹಾಕ್ಬೇಕಾಗ್ತಿತ್ತು" ಎಂದು ನಕ್ಕರು.

ನಾನೂ ನಕ್ಕೆ. ಆದರೆ ವಾಪಸು ಬಸ್ಸಿನಲ್ಲಿ ಕೂತಾಗ ತೊಡೆಯ ಮೇಲೆ ಬರೀ ಟವೆಲು. ಅಪ್ಪನ ಮರದ್ದೇ ಕೊಂಬೆ, ಐದು ವರ್ಷ ನೀರು ಹಾಕಿದವನು ನಾನೇ. ಆದರೂ ಆ ರುಚಿ ನನ್ನ ಜೊತೆ ಬರಲಿಲ್ಲವಲ್ಲ ಎಂದು ಬಹಳ ಸಂಕಟವಾಯಿತು.

ನಡೆದದ್ದನ್ನು ಕೇಳಿ ಲಲಿತ ನಗಲಿಲ್ಲ. "ಅಲ್ಲಿಗೇ ಹೋಗಿ ಒಂದು ಹಣ್ಣು ಕೇಳ್ರೀ. ಇಲ್ಲ ಅಂತಾರಾ?" ಎಂದಳು.

ಭಾನುವಾರ ದೇವನಹಳ್ಳಿಗೆ ಹೋದೆ. ನಮ್ಮ ಮನೆ ಕೊಂಡವರು ಬಾಗಿಲಿಗೆ ಹಸಿರು ಬಣ್ಣ ಹೊಡೆಸಿದ್ದರು. ಹಿತ್ತಲ ಗೋಡೆಯ ಮೇಲೆ ಮರ ಕಾಣಿಸಿತು, ಹಣ್ಣುಗಳು ಜೋತಾಡುತ್ತಿದ್ದವು. ಬಾಗಿಲು ತೆಗೆದ ಹೆಂಗಸು ನನ್ನನ್ನು ನೋಡಿದವರಲ್ಲ. ಒಂದು ಚಕ್ಕೋತ ಬೇಕಿತ್ತು ಎಂದೆ.

"ಅದಕ್ಕೇನಂತೆ, ಕೊಡಾಣ. ಯಾವೂರಾಯ್ತಪ್ಪಾ ನಿಮ್ದು?"

ಈ ಊರೇ ಎನ್ನಬೇಕೆಂದು ಬಾಯಿ ತೆರೆದೆ. "ಹೊಸಕೋಟೆ" ಎಂದುಬಿಟ್ಟೆ.

"ಅಯ್ಯೋ, ಹಂಗಾದ್ರೆ ನಿಮಗೆ ತಿಳಿದಿರಾಕಿಲ್ಲ. ಇದು ನಮ್ಮೂರ ಹಣ್ಣು. ಕಿತ್ಲೆ ಥರ ಸುಲಿಯಾಕಾಗಲ್ಲ ಕಣಪ್ಪಾ, ಬನ್ನಿ ಕುಂತ್ಕಳಿ" ಎಂದು ಅವರು ನಮ್ಮ ಜಗುಲಿಯ ಮೇಲೆ ನನ್ನನ್ನು ಕೂರಿಸಿ, ಚಕ್ಕೋತ ಬಿಡಿಸಿ ತಿನ್ನುವುದು ಹೇಗೆಂದು ಮೊದಲಿನಿಂದ ಹೇಳಿಕೊಟ್ಟರು. ನಾನು ಕಣ್ಣೊರೆಸಿಕೊಳ್ಳುತ್ತಾ ಕಲಿತುಕೊಂಡೆ!