ಸಂಡಿಗೆಗೆ ಸೆಕ್ಷನ್ ಇಲ್ಲ

2010ರ ಏಪ್ರಿಲ್‌ನ ಒಂದು ಮಂಗಳವಾರ ಬೆಳಿಗ್ಗೆ ಪೀಣ್ಯದ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ನೀರಿನ ಟ್ಯಾಂಕ್ ತುಂಬಿ ಹರಿದು, ಕೆಳಮನೆಯ ಗೌರವ್ವನವರು ಒಣಗಲು ಹಾಕಿದ್ದ ಸಂಡಿಗೆ ಗಂಜಿಯಾಯಿತು. ಮೋಟಾರಿನ ಸ್ವಿಚ್ಚು ನನ್ನ ಮನೆಯೊಳಗಿತ್ತು. ಅದನ್ನು ಹಾಕಿದ ನಾನು, ಅಂದಿನ ಪತ್ರಿಕೆಯಲ್ಲಿ ಬಂದಿದ್ದ ನನ್ನದೇ ವರದಿಯನ್ನು ಮೂರನೆಯ ಸಲ ಓದುತ್ತ ಕುಳಿತಿದ್ದೆ.

ಹನ್ನೊಂದು ವರ್ಷ ಅಪರಾಧ ಸುದ್ದಿ ಬರೆದವನಿಗೆ ಒಂದು ಕಾಯಿಲೆ ಅಂಟಿರುತ್ತದೆ. ಲೋಕದಲ್ಲಿ ಏನೇ ಕೆಟ್ಟರೂ ಅದಕ್ಕೊಂದು ಸೆಕ್ಷನ್ ಇರಬೇಕೆಂದು ಅವನು ನಂಬಿರುತ್ತಾನೆ. ಹಾಗಾಗಿ ಗೌರವ್ವ ಬಾಗಿಲಿಗೆ ಬಂದು, "ಶನಿವಾರ ಮಗಳ ಊರಿಗೆ ಬಸ್ ಹತ್ತಬೇಕ್ರೀ ಸರ. ಬಸುರಿ ಮಗಳ ಕುಬಸ ಐತಿ. ಸಂಡಿಗಿ ಇಲ್ದ ಬೀಗರ ಮುಂದ ಹೆಂಗ್ ನಿಲ್ಲಲಿ?" ಎಂದಾಗ ನನ್ನ ಬಾಯಿಂದ ಬಂದದ್ದು, "ದೂರು ಕೊಡಿ" ಎಂಬ ಮಾತು. ಠಾಣೆ ಎಲ್ಲಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಆರೋಪಿಯಾದ ನಾನೇ ನನ್ನ ಸ್ಕೂಟರಿನ ಹಿಂದೆ ಅವರನ್ನು ಕೂರಿಸಿಕೊಂಡು ಹೋದೆ.

ಪರಿಚಯದ ಹೆಡ್ ಕಾನ್‌ಸ್ಟೆಬಲ್ ರುದ್ರಪ್ಪ ಎಲ್ಲ ಕೇಳಿಕೊಂಡು, "ಬೇಕೂಂತ ನೀರು ಬಿಟ್ರಾ ಸಾರ್?" ಎಂದರು.

"ಇಲ್ಲ, ಮರೆತೆ."

"ಹಾಗಾದ್ರೆ ನಮ್ ಕೇಸಲ್ಲ ಬಿಡಿ. ಮೈಮರೆತು ಯಾರದಾದ್ರೂ ಜೀವಕ್ಕೆ ಕುತ್ತು ತಂದಿದ್ರೆ ನೋಡಬಹುದಿತ್ತು. ಸಂಡಿಗೆಗೆ ಸೆಕ್ಷನ್ ಇಲ್ಲ."

ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಅವಮಾನವಾಯಿತು. ಇಷ್ಟು ವರ್ಷದ ಸೇವೆಯ ನಂತರ ಒಂದು ಸಣ್ಣ ಅಪರಾಧಿಯಾಗುವ ಯೋಗ್ಯತೆಯೂ ನನಗಿರಲಿಲ್ಲ.

ರುದ್ರಪ್ಪ ಮುಂದುವರಿಸಿದರು: "ಕ್ರಿಮಿನಲ್ ಅಂದ್ರೆ ಸರ್ಕಾರ ಕೇಸ್ ನಡ್ಸಿ ನಿಮಗೆ ಶಿಕ್ಷೆ ಕೊಡ್ಸತ್ತೆ. ಇದು ಸಿವಿಲ್ಲು, ಟಾರ್ಟ್ ಅಂತಾರೆ. ನಷ್ಟ ಆದವರೇ ಕೋರ್ಟಿಗೆ ಹೋಗಿ, ಆಗಿದ್ದನ್ನ ತುಂಬಿಸ್ಕೋಬೇಕು."

"ಇವರನ್ನ ಒಳಗ ಹಾಕಿ ನಾ ಏನ್ ಮಾಡ್ಲಿ? ಕರದು ತಿನ್ನಾಕ್ ಬರತೈತೇನು?" ಎಂದರು ಗೌರವ್ವ. "ನನಗ ಸಂಡಿಗಿ ಬೇಕ್ರೀ."

ಇಡೀ ಟಾರ್ಟ್ ಕಾನೂನು ಅಷ್ಟೇ ಎಂದು ನನಗೆ ಆಮೇಲೆ ತಿಳಿಯಿತು. ಆಗ ಮಾತ್ರ ವೃತ್ತಿಯ ಅಭ್ಯಾಸದಂತೆ, "ಟ್ಯಾಂಕಿನಿಂದ ನೀರು ಹರಿದಿದೆ ಎನ್ನಲಾಗಿದೆ, ಅಷ್ಟೆ. ಮಳೆಯೂ ಬಂದಿರಬಹುದು" ಎಂದೆ.

"ಮಳಿ ಬಂದಿದ್ರ ಮಗ್ಗಲ ಹಗ್ಗದ ಮ್ಯಾಲಿನ ನಿಮ್ ಬನಿಯನ್ ಹೆಂಗ್ ಒಣಗಿದ್ವು?"

ರುದ್ರಪ್ಪ ನಕ್ಕರು. "ಕ್ರಿಮಿನಲ್ ಕೇಸಲ್ಲಿ ಅನುಮಾನಕ್ಕೆ ಜಾಗವೇ ಇಲ್ಲದಂಗೆ ಸಾಬೀತಾಗ್ಬೇಕು ಸಾರ್. ಸಿವಿಲ್‌ನಲ್ಲಿ ಯಾರ ಮಾತು ಹೆಚ್ಚು ನಿಜ ಅನ್ಸತ್ತೋ ಅಷ್ಟು ಸಾಕು. ಬನಿಯನ್ ಸಾಕು."

"ಕೋರ್ಟಿನ್ಯಾಗ ಎಷ್ಟು ದಿನ ಹಿಡಿತೈತ್ರೀ?" ಎಂದು ಗೌರವ್ವ ಕೇಳಿದರು. ರುದ್ರಪ್ಪ ಗೋಡೆಯ ಕ್ಯಾಲೆಂಡರನ್ನು ಕೊನೆಯ ಹಾಳೆಯವರೆಗೆ ಮಗುಚಿದರು. ಗೌರವ್ವ ನನ್ನನ್ನು ನೋಡಿದರು.

ಬುಧವಾರ ರಜೆ ಹಾಕಿದೆ. ಹಿಟ್ಟು ಬೇಯಿಸಿದ್ದು ಗೌರವ್ವ. ತಾರಸಿಯಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಚಕ್ಕುಲಿ ಒರಳಲ್ಲಿ ಒತ್ತಿದ್ದು ನಾನು. ದುಂಡಗೆ ಬರಬೇಕಾದವು ಒಂದೊಂದು ಒಂದೊಂದು ಜಿಲ್ಲೆಯ ನಕ್ಷೆಯಂತೆ ಬಂದವು. "ಇರ್ಲಿ ಬಿಡ್ರಿ ಸರ, ಎಣ್ಣ್ಯಾಗ ಬಿದ್ರ ಯಾರಿಗೆ ಗೊತ್ತಾಗತೈತಿ" ಎಂದು ಅವರು ಸಮಾಧಾನ ಹೇಳಿದರು. ಎರಡು ದಿನ ಬಿಸಿಲು ಚೆನ್ನಾಗಿತ್ತು.

ಶನಿವಾರ ಸಂಜೆ ಗೌರವ್ವ ಬಸ್ ಹತ್ತಿದರು. ಡಬ್ಬಿಯನ್ನು ನಾನೇ ಎತ್ತಿಕೊಟ್ಟೆ. ಅದರ ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿದ್ದರು: "ಇವು ನಾ ಮಾಡಿದ್ದಲ್ಲ. ಪೇಪರಿನವರು ಮಾಡಿದ್ದು."