ಒಂಬತ್ತು ಬೀದಿಗಳ ನೀರಿನ ಭಾಗಾಕಾರ

ನೂರ ಎಪ್ಪತ್ತನ್ನು ಒಂಬತ್ತರಿಂದ ಭಾಗಿಸಿ ಒಂದು ಬೀದಿಯನ್ನೇ ಒಣಗಿಸಲು ಎಷ್ಟು ವಿದ್ಯೆ ಬೇಕೆಂದು ನಿಮಗೆ ಗೊತ್ತೇ? ಒಂದು ಪದವಿ, ಚರ್ಚಾಸ್ಪರ್ಧೆಯ ಮೂರು ಪದಕ, ಪೈಥಾನ್ ಭಾಷೆಯಲ್ಲಿ ಆರು ವಾರದ ಪಾಠ. ಇಷ್ಟೂ ನನ್ನಲ್ಲಿದ್ದವು.

ಮಾಂಬಳ್ಳಿಯ ಆಚೆಗಿರುವ ನಮ್ಮೂರಿನಲ್ಲಿ ಟ್ಯಾಂಕ್ ತುಂಬಿದರೆ ನೂರ ಎಪ್ಪತ್ತು ನಿಮಿಷ ನೀರು, ಬೀದಿಗಳು ಒಂಬತ್ತು. ನೀರುಗಂಟಿ ಸಿದ್ದಪ್ಪ ವಾಲ್ವ್ ತಿರುಗಿಸುತ್ತಿದ್ದುದು ಅಂದಾಜಿನಲ್ಲಿ. ಕೊನೆಯ ದಿಣ್ಣೆ ಬೀದಿಗೆ ಸದಾ ಹೆಚ್ಚು ಹೊತ್ತು. ಇದು ಪಕ್ಷಪಾತ, ಕಂಪ್ಯೂಟರಿನ ಲೆಕ್ಕವಾದರೆ ತಪ್ಪುವುದಿಲ್ಲವೆಂದು ಗ್ರಾಮಸಭೆಯಲ್ಲಿ ಅರ್ಧ ಗಂಟೆ ವಾದಿಸಿದೆ. ಸಿದ್ದಪ್ಪ ತಲೆ ಕೆರೆದುಕೊಂಡ. ಅದನ್ನು ಸೋಲಿನ ಒಪ್ಪಿಗೆಯೆಂದು ಪರಿಗಣಿಸಿದೆ.

ನನ್ನ ಪ್ರೋಗ್ರಾಮಿನ ಮೊದಲ ಪಟ್ಟಿಯಲ್ಲಿ ಬೀದಿಗೆ 18.88888888888889 ನಿಮಿಷ ಬಂತು.

“ಸಾ, ಈ ಎಂಟ್‌ಗಳ್ನ ಯಾವ ಕೈಲಿ ತಿರುಗಿಸ್ಲಿ?” ಎಂದ ಸಿದ್ದಪ್ಪ.

ಭಾಗಾಕಾರದ ಓರೆಗೆರೆಯ ಪಕ್ಕ ಇನ್ನೊಂದು ಗೆರೆ ಹಾಕಿದೆ. ಎರಡು ಗೆರೆಯಿದ್ದರೆ ಪೈಥಾನ್ ಪೂರ್ಣಾಂಕವನ್ನಷ್ಟೇ ಇಟ್ಟುಕೊಂಡು ಉಳಿದುದನ್ನು ಸದ್ದಿಲ್ಲದೆ ಬಿಸಾಡುತ್ತದೆ. ಹದಿನೆಂಟು ನಿಮಿಷ! ಪಂಚಾಯಿತಿಯವರು ಪಟ್ಟಿಯನ್ನು ಲ್ಯಾಮಿನೇಷನ್ ಮಾಡಿಸಿ ಪಂಪ್‌ಹೌಸಿನ ಗೋಡೆಗೆ ಹೊಡೆದರು. ಅದನ್ನು ಯಾರೂ ಮೀರತಕ್ಕದ್ದಲ್ಲವೆಂಬ ಸಾಲನ್ನೂ ನಾನೇ ಸೇರಿಸಿದ್ದೆ.

ಮೂರನೆಯ ದಿನ ದಿಣ್ಣೆ ಬೀದಿಯ ಮಾದಮ್ಮ ಖಾಲಿ ಕೊಡದೊಂದಿಗೆ ಬಂದು ನಮ್ಮ ಜಗಲಿಯ ಮೇಲೆ ಕೂತರು.

“ಮನೇಲಿ ಬಾಣಂತಿ ಅವ್ಳೆ ಕಣಪ್ಪಾ. ಮೂರು ದಿನದಿಂದ ಮಗೀಗೆ ನೀರು ಉಯ್ದಿಲ್ಲ. ನಿನ್ ಕಂಪ್ಯೂಟ್ರು ನಮ್ ದಿಣ್ಣೆ ಅತ್ತಿ ನೋಡದಾ?”

ಸಿದ್ದಪ್ಪನನ್ನು ಕರೆಸಿದೆ.

“ದಿಣ್ಣೆ ಅತ್ತಕ್ಕೇ ನೀರ್ಗೆ ಅದ್ನೆಂಟು ನಿಮಿಷ ಬೇಕು ಸಾ. ಆಮೇಲೆ ಬರಾದೇ ಅವ್ರ ಕೊಡಕ್ಕೆ. ಕೊನೇಲಿ ಉಳಿಯಾದ ಅವ್ರಿಗೇ ಬುಡ್ತಿದ್ದೆ.”

“ಸಭೆಯಲ್ಲಿ ಯಾಕೆ ಹೇಳಲಿಲ್ಲ?”

“ನೀವು ಮಾತು ನಿಲ್ಸುದ್ರೆ ತಾನೆ ಸಾ.”

ನನ್ನ ಹೆಂಡತಿ ನಮ್ಮ ಹಂಡೆಯ ನೀರನ್ನು ಹೊತ್ತು ತಂದಳು. “ಒಂಬತ್ತು ಭಾಗ ಮಾಡ್ಬೇಕಾ, ಇಲ್ಲಾ ಇವ್ರಿಗೆ ಪೂರ್ತಿ ಕೊಡ್ಲಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಾದಮ್ಮನ ಕೊಡಕ್ಕೆ ಸುರಿದಳು.

ಶೇಷವನ್ನು ತಿಳಿಸಲೂ ಪೈಥಾನಿನಲ್ಲಿ ಒಂದು ಚಿಹ್ನೆಯಿದೆ, ಶೇಕಡಾ ಗುರುತು. ಹಾಕಿ ನೋಡಿದೆ. ಎಂಟು ಎಂದಿತು. ಯಾರಿಗೆ ಎಂದು ಹೇಳಲಿಲ್ಲ.

ದಿಣ್ಣೆ ಬೀದಿಗೆ ಹೆಚ್ಚು ಹೊತ್ತು ಕೊಟ್ಟು ತಿದ್ದಿದ ಪಟ್ಟಿ ಹಿಡಿದು ಪಂಚಾಯಿತಿಗೆ ಓಡಿದೆ. ಕಾರ್ಯದರ್ಶಿ ತಲೆಯೆತ್ತಲಿಲ್ಲ. “ಕಂಪ್ಯೂಟರ್ ಲೆಕ್ಕ ತಪ್ಪಲ್ಲ ಅಂತ ವಾದ ಮಾಡಿ ಗೆದ್ದೋರು ನೀವೇ ಅಲ್ವರಾ? ಬದಲಾಯಿಸ್ಬೇಕು ಅಂದ್ರೆ ಮತ್ತೆ ಗ್ರಾಮಸಭೆ ಸೇರ್ಬೇಕು.”

ಅಲ್ಲಿಯವರೆಗೆ ಮಾದಮ್ಮನ ಮನೆಗೆ ದಿನವೂ ಎರಡು ಕೊಡ ನೀರು ಹೊರುತ್ತಿದ್ದೇನೆ. ಪದಕ ಗೆದ್ದ ಗಂಟಲಿನಿಂದ ಆ ಏರಿನಲ್ಲಿ ಏದುಸಿರಲ್ಲದೆ ಬೇರೇನೂ ಹೊರಡುವುದಿಲ್ಲ. ದಿಣ್ಣೆ ಬೀದಿಯಲ್ಲಿ ಇನ್ನೂ ಹನ್ನೊಂದು ಮನೆಗಳಿವೆ.

ನಿಮ್ಮೂರಿನ ಸಭೆಯಲ್ಲಿ ನನ್ನಂಥವನೊಬ್ಬ ಪಟ್ಟಿ ಹಿಡಿದು ಎದ್ದುನಿಂತರೆ, ದಯವಿಟ್ಟು ಅವನನ್ನು ಕೂರಿಸಿ, ನೀರುಗಂಟಿಯನ್ನು ಮಾತಾಡಿಸಿ.