ಅತ್ತೆಯ ಸೊನ್ನೆ ಟಿಕೆಟ್ಟಿನ ಮೈಸೂರು

ನನ್ನ ಸೋದರತ್ತೆ ಮೈಸೂರನ್ನು ನೋಡಿರುವಷ್ಟು ಮಹಾರಾಜರೂ ನೋಡಿರಲಿಕ್ಕಿಲ್ಲ. ಮಹಾರಾಜರಿಗೆ ರಾಜ್ಯಭಾರ ಅಂತ ಒಂದು ಕೆಲಸವಿತ್ತು. ಅತ್ತೆಗೆ ಅದೂ ಇಲ್ಲ. ಇಷ್ಟೆಲ್ಲ ನೋಡುವುದಕ್ಕೆ ಅವರು ಈವರೆಗೆ ಖರ್ಚು ಮಾಡಿರುವ ಹಣದಲ್ಲಿ ನೀವು ಒಂದು ಮಸಾಲೆ ದೋಸೆ ತಿನ್ನಲಾರಿರಿ. ಖಾಲಿ ದೋಸೆ ತಿನ್ನಬಹುದೇನೋ, ಚಟ್ನಿ ಕೇಳದಿದ್ದರೆ.

ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೆ ಶುರುವಾದದ್ದು ಇದು. ಪಿರಿಯಾಪಟ್ಟಣದ ಪಕ್ಕದ ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆಯುವ ಮನೆ ಅವರದು. ಅರವತ್ತೈದು ದಾಟಿದವರು ಮೊಮ್ಮಕ್ಕಳನ್ನು ಆಡಿಸಿಕೊಂಡು ಇರಬೇಕಲ್ಲವೇ? ಇವರು ವಾರಕ್ಕೊಂದು ದಿನ, ಕೈಚೀಲದಲ್ಲಿ ಆಧಾರ್ ಕಾರ್ಡು, ಎರಡು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಇಟ್ಟುಕೊಂಡು ಬೆಳಗಿನ ಬಸ್ಸು ಹತ್ತುತ್ತಾರೆ. ಕಂಡಕ್ಟರು ಸೊನ್ನೆ ಟಿಕೆಟ್ಟು ಹರಿದುಕೊಟ್ಟರೆ ಅದನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ದೇವರ ಮುಂದೆ ಅಷ್ಟು ಭಕ್ತಿ ತೋರಿಸಿದ್ದನ್ನು ನಾನು ಕಂಡಿಲ್ಲ.

ಅವರ ಸೊಸೆಗೆ ಇದು ತಡೆಯಲಾಗದ ಸಂಕಟ. ಹುಣಸೂರಿಗೆ, ನನ್ನ ಮನೆಗೇ ಬಂದು ಅಲವತ್ತುಕೊಂಡಳು. "ಬಾವ, ‘ನಿಮ್ಮತ್ತೆ ಮೈಸೂರಲ್ಲಿ ಏನ್ ಯಾಪಾರ ಮಡಗವ್ರೆ’ ಅಂತ ಊರೋರೆಲ್ಲ ಕೇಳ್ತಾರೆ. ನಂಗೆ ತಲೆ ಎತ್ಕೊಂಡ್ ಓಡಾಡಕಾಗಲ್ಲ. ನೀವು ಮೇಷ್ಟ್ರು, ಓದ್ದೋರು. ಒಂದಿನ ಜೊತೇಲಿ ಓಗಿ, ಬುದ್ಧಿ ಏಳಿ ನಿಲ್ಸಿ."

ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳುವ ನನಗೆ ಬುದ್ಧಿ ಹೇಳಿ ಎಂದರೆ ಸಾಕು. ರಜೆ ಹಾಕಿ, ಹುಣಸೂರಿನಲ್ಲಿ ಅತ್ತೆ ಕೂತಿದ್ದ ಬಸ್ಸನ್ನೇ ಹತ್ತಿದೆ. ನಾನು ಟಿಕೆಟ್ಟಿಗೆ ದುಡ್ಡು ಕೊಟ್ಟದ್ದನ್ನು ಅತ್ತೆ ಸಾವಿನ ಮನೆಗೆ ಬಂದವರ ಹಾಗೆ ಮುಖ ಮಾಡಿಕೊಂಡು ನೋಡಿದರು. "ಏನ್ ಮಾಡಿಯೆ, ಗಂಡ್ಸಾಗಿ ಉಟ್ಬುಟ್ಟಿದ್ದೀಯ. ಕಟ್ಟು" ಎಂದರು.

ಮೊದಲ ಅವಮಾನ ದೇವರಾಜ ಮಾರುಕಟ್ಟೆಯಲ್ಲಿ. ಅಲ್ಲಿ ಒಬ್ಬ ಗೈಡು ಏಳೆಂಟು ಜನ ಪರದೇಶದವರನ್ನು ಕರೆದುಕೊಂಡು ಊರಿನ ಕಥೆ ಹೇಳುತ್ತಾ ನಡೆದಿದ್ದ. ಅತ್ತೆ ಹಕ್ಕಿನವರಂತೆ ಹೋಗಿ ಆ ಗುಂಪಿನ ಮಧ್ಯೆ ಸೇರಿಕೊಂಡರು. ಅವನು ಇಂಗ್ಲಿಷಿನಲ್ಲಿ ಹೇಳಿದ್ದಕ್ಕೆಲ್ಲ ತಲೆಯನ್ನೂ ಆಡಿಸತೊಡಗಿದರು. ಗೈಡು ನಯವಾಗಿಯೇ, "ಅಮ್ಮ, ಇವ್ರೆಲ್ಲ ಫೀಸು ಕಟ್ಟಿ ಬಂದಿರೋರು" ಎಂದ.

"ಬೀದಿ ನಿಮ್ದಾ?"

"ಇಲ್ಲಮ್ಮ."

"ಮತ್ತೆ? ನಾನು ನಡೀತಾ ಇವ್ನಿ, ನೀವು ಮಾತಾಡ್ತಾ ಇದ್ದೀರ. ಕಿವಿ ಮುಚ್ಕಂಡ್ ನಡೀಲಾ?"

ನಾನು ಎಲೆ ಅಂಗಡಿಯ ಹಿಂದೆ ಅಡಗಿದೆ. ಅಷ್ಟಕ್ಕೇ ಬಿಟ್ಟರೆ? ಹಣ್ಣಿನ ಸಾಲಿನಲ್ಲಿ ಆತ ಒಂದು ಗೊನೆ ತೋರಿಸಿ ಅದು ರಸಬಾಳೆ ಎಂದ. ಇಡೀ ಭಾಷಣದಲ್ಲಿ ಅತ್ತೆಗೆ ಅರ್ಥವಾದ ಪದ ಅದೊಂದೇ. "ಅದು ರಸಬಾಳೆ ಅಲ್ಲ ಕಣಪ್ಪ, ಪುಟ್ಬಾಳೆ" ಎಂದು ಹಣ್ಣು ಕಿತ್ತು, ಸುಲಿದು, ಪರದೇಶದ ಒಬ್ಬ ಹೆಂಗಸಿನ ಬಾಯಿಗೇ ಇಟ್ಟರು. ಆಮೇಲೆ ಮೂವತ್ತು ನಿಮಿಷ ಆ ಗುಂಪು ಗೈಡನ್ನು ಬಿಟ್ಟು ಅತ್ತೆಯ ಹಿಂದೆ ತಿರುಗಿತು. ಹಣ್ಣಿಗೆ ದುಡ್ಡು ಕೊಟ್ಟವನು ನಾನು. ಕೊನೆಗೆ ಆ ಹೆಂಗಸು ಪರ್ಸು ತೆಗೆದಾಗ ಅತ್ತೆ ಕೆರಳಿಬಿಟ್ಟರು. "ಬಾಳೆಅಣ್ಣಿನ್ ಎಸ್ರು ಏಳಕ್ಕೂ ದುಡ್ಡಾ? ಏನ್ ಕಾಲ ಬಂತು ಬುಡು!"

ಮಧ್ಯಾಹ್ನದ ಬಿಸಿಲಿಗೆ ಅವರ ಬಳಿ ಇರುವ ಉಪಾಯ ಇನ್ನೂ ಘೋರ. ದೊಡ್ಡದೊಂದು ಸೀರೆ ಅಂಗಡಿಯೊಳಗೆ ಹೋಗಿ ಏಸಿಯ ಕೆಳಗೇ ಕೂತರು. ಅಂಗಡಿಯವರು ತಂಪು ನೀರು ಕೊಟ್ಟರು. ಮುಕ್ಕಾಲು ಗಂಟೆ ಸೀರೆ ಬಿಚ್ಚಿಸಿ, ಪ್ರತಿಯೊಂದರ ಸೆರಗನ್ನೂ ಹೆಗಲ ಮೇಲೆ ಹಾಕಿ ಕನ್ನಡಿಯಲ್ಲಿ ನೋಡಿಕೊಂಡು, ಎದ್ದು ನಿಂತು, "ನಮ್ ಯಜಮಾನ್ರನ್ನ ಕರ್ಕೊಂಡ್ ಬತ್ತೀನಿ ಕಣಪ್ಪ" ಎಂದರು.

ಮಾವ ತೀರಿಕೊಂಡು ಹನ್ನೊಂದು ವರ್ಷವಾಗಿದೆ. ಹೊರಗೆ ಬಂದು ನಾನು ಸಿಟ್ಟಿನಿಂದ, "ಅತ್ತೆ, ಸುಳ್ಳಿಗೂ ಒಂದು ಮಿತಿ ಬೇಡವೇ?" ಎಂದೆ.

"ಯಾವ್ದ್ಲಾ ಸುಳ್ಳು? ಕರ್ಕೊಂಡ್ ಬತ್ತೀನಿ ಅಂದೆ. ಯಾವತ್ತು ಅಂತ ಏಳಿದ್ನಾ?"

ಹೋಟೆಲಿನ ಆಸೆಯನ್ನು ನಾನು ಅಷ್ಟುಹೊತ್ತಿಗೆ ಬಿಟ್ಟಿದ್ದೆ. ಪಾರ್ಕಿನ ಮರದಡಿ ಕೂತು ತಣ್ಣಗಿನ ರಾಗಿರೊಟ್ಟಿ ತಿಂದೆ. ಬುದ್ಧಿ ಹೇಳುವ ಕೆಲಸ ಇನ್ನೂ ಬಾಕಿಯಿತ್ತು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಚಾಮುಂಡಿ ಬೆಟ್ಟಕ್ಕೆ ಹೋಗೋಣ ಎಂದರು. ನಾನು ಬಸ್ಸಿನ ಕಡೆ ತಿರುಗಿದೆ.

"ನಿಂಗ್ಯಾಕೆ ಬಸ್ಸು? ಸುಮ್ನೆ ದುಡ್ಡು ದಂಡ. ಬೆಟ್ಟದ್ ಪಾದುದ್ ತಾವ್ಕೆ ಓಗಿ ಮೆಟ್ಲತ್ತು. ನಂಗೆ ಬಿಟ್ಟಿ, ನಾನು ಬಸ್ಸಲ್ಲಿ ಬತ್ತೀನಿ."

"ಸಾವಿರ ಮೆಟ್ಟಿಲು, ಅತ್ತೆ. ಇದು ಅನ್ಯಾಯ."

"ಪುಣ್ಯ ಬತ್ತದೆ, ಅತ್ತು."

ನಲವತ್ತು ದಾಟಿದ, ಬಿ.ಪಿ. ಮಾತ್ರೆ ನುಂಗುವ, ಸಂಬಳ ಬರುವ ಗಂಡಸು ನಾನು. ಆದರೂ ಹತ್ತಿದೆ ಎಂದರೆ ನಂಬುತ್ತೀರಾ? ಅತ್ತೆಯ ಮಾತಿಗೆ ಎದುರಾಡುವುದಕ್ಕಿಂತ ಬೆಟ್ಟ ಹತ್ತುವುದು ಸುಲಭ ಎಂಬುದು ನಮ್ಮ ಮನೆಯವರಿಗೆಲ್ಲ ಗೊತ್ತು. ಪ್ರತಿ ಮೆಟ್ಟಿಲಿಗೂ ಹೇಳಬೇಕಾದ ಒಂದೊಂದು ಮಾತು ಜೋಡಿಸಿಕೊಂಡೆ. ಮಾನ, ಮರ್ಯಾದೆ, ವಯಸ್ಸು, ಸೊಸೆಯ ಕಣ್ಣೀರು. ಮೇಲೆ ತಲುಪಿದಾಗ ಮಾತು ಸಾವಿರವಿದ್ದವು, ಉಸಿರು ಮಾತ್ರ ಇರಲಿಲ್ಲ.

ಅತ್ತೆ ಊರು ಕಾಣುವ ಕಡೆ ಕಟ್ಟೆಯ ಮೇಲೆ ಕೂತು, ಮನೆಯಿಂದ ತಂದ ಕಡಲೆಕಾಯಿ ಬಿಡಿಸುತ್ತಿದ್ದರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸತೊಡಗಿದರು. "ಅಗಾ, ಅರಮನೆ. ಅಗಾ ಅಲ್ಲಿ ಚರ್ಚು, ಎರಡು ಗೋಪುರ. ಆ ಮರದ್ ಗುಂಪೈತಲ್ಲ, ಅದ್ರೊಳಗೆ ಕೆಂಪು ಎಂಚು ಕಾಣ್ತದಾ? ಅದು ನನ್ ಕಾಲೇಜು."

ನಾನು ನಕ್ಕೆ. ಅತ್ತೆ ನಗಲಿಲ್ಲ.

"ನಾನೂ ನಿಮ್ಮಪ್ಪನೂ ಒಂದೇ ವರ್ಷ ಎಸ್ಸೆಸ್ಸೆಲ್ಸಿ ಪಾಸಾದೋ. ನಂಗೇ ನಂಬರು ಜಾಸ್ತಿ. ಅಲ್ಲಿ ಸೀಟು ಸಿಕ್ಕೈತೆ ಅಂತ ಕಾಗ್ದ ಬಂತು. ನಿಮ್ ತಾತ, ‘ಇಬ್ಬರ್ ಬಸ್ ಚಾರ್ಜೂ ನನ್ ಕೈಲಾಗಲ್ಲ ಕಣವ್ವ’ ಅಂದ. ನಿಮ್ಮಪ್ಪ ಓದಕ್ಕೋದ." ಒಂದು ಕಡಲೆಕಾಯಿ ಬಿಡಿಸಿ ನನ್ನ ಕೈಗೆ ಹಾಕಿದರು. "ಪಾಪ, ಅವ್ನೂ ಚೆನ್ನಾಗೇ ಓದ್ದ ಬುಡು."

ನನ್ನಪ್ಪ ಓದಿ ಮೇಷ್ಟರಾದರು. ಮೇಷ್ಟರ ಮಗನಾದ್ದರಿಂದ ನಾನೂ ಮೇಷ್ಟರಾದೆ. ಯಾವ್ಯಾವ ರಾಜವಂಶದ ಕಥೆಯನ್ನೋ ಹದಿನೈದು ವರ್ಷದಿಂದ ಮಕ್ಕಳಿಗೆ ಹೇಳುತ್ತಿದ್ದೇನೆ, ಇದೊಂದು ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆಯಿಂದ ಅತ್ತೆಯ ಮೇಲಿದ್ದ ಸಿಟ್ಟು ಎದ್ದು ಹೋಗಿ ತಾತನ ಮೇಲೆ ಕೂತಿತು. ಸತ್ತವರ ಜೊತೆ ಜಗಳ ಹೇಗೆ ಆಡುವುದು?

"ಒಳಗೆ ಹೋಗಿ ನೋಡಿದ್ದೀರಾ?"

"ಬಂದಾಗೆಲ್ಲ ಗೇಟ್ ತಂಕ ಓಗ್ತೀನಿ. ವಾಚ್‌ಮನ್ ಇರ್ತಾನೆ."

"ಕೇಳಲಿಲ್ವಾ?"

"ಏನಂತ ಕೇಳ್ಲಿ?"

ಇಬ್ಬರೂ ಬಸ್ಸಿನಲ್ಲೇ ಇಳಿದೆವು. ನಾನು ಟಿಕೆಟ್ಟು ತೆಗೆದುಕೊಂಡದ್ದಕ್ಕೆ ಅತ್ತೆ ಏನೂ ಅನ್ನಲಿಲ್ಲ. ಕಾಲೇಜು ಬಿಟ್ಟು ಹುಡುಗಿಯರು ಹೊರಗೆ ಬರುತ್ತಿದ್ದರು. ಗೇಟಿನ ಎದುರಿನ ಮರದಡಿ ಅತ್ತೆ ಚೀಲ ತಬ್ಬಿಕೊಂಡು ನಿಂತುಬಿಟ್ಟರು. ನಾನೇ ಹೋದೆ.

"ಗಂಡಸ್ರನ್ನ ಬುಡಲ್ಲ ಸಾರ್. ಏನ್ ಕೆಲ್ಸ?" ಎಂದ ವಾಚ್‌ಮನ್.

"ಅವರಿಗೆ ಇಲ್ಲಿ ಸೀಟು ಸಿಕ್ಕಿತ್ತು" ಎಂದು ಜೋರಾಗಿಯೇ ಅಂದೆ.

"ಯಾವಾಗ?"

"ಐವತ್ತು ವರ್ಷದ ಹಿಂದೆ."

ಅವನು ಅತ್ತೆಯನ್ನು ನೋಡಿದ, ನನ್ನನ್ನು ನೋಡಿದ. "ಲೇಟಾಯ್ತಲ್ಲ ಸಾರ್" ಎಂದ. ಆಮೇಲೆ ಚಿಕ್ಕ ಗೇಟು ತೆಗೆದ. "ಅಮ್ಮ ಓಗ್ಬುಟ್ ಬರ್ಲಿ. ನೀವು ಇಲ್ಲೇ ಇರಿ."

ಅತ್ತೆ ಸೆರಗು ಸರಿಮಾಡಿಕೊಂಡು, ಹುಡುಗಿಯರ ಎದುರಿಗೆ, ಒಬ್ಬರೇ ಒಳಗೆ ನಡೆದರು. ನಾನು ಕಂಬಿ ಹಿಡಿದು ನಿಂತೆ. ಅಷ್ಟರಲ್ಲಿ ಸೊಸೆಯ ಫೋನು ಬಂತು. "ಬಾವ, ಏಳಿದ್ರಾ? ನಿಲ್ಲಿಸ್ತಾರಂತಾ?"

"ಇನ್ನೂ ಇಲ್ಲಮ್ಮ. ಅತ್ತೆ ಕಾಲೇಜಿಗೆ ಹೋಗಿದ್ದಾರೆ" ಎಂದು ಫೋನಿಟ್ಟೆ.

ಕಾಲು ಗಂಟೆಯ ಮೇಲೆ ಅತ್ತೆ ಬಂದರು. ಅಂಗೈ ತುಂಬ ಸೀಮೆಸುಣ್ಣದ ಪುಡಿ. ಅದನ್ನು ಒರೆಸಿಕೊಳ್ಳದೆ, ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಬಹಳ ದೂರ ನಡೆದರು.

"ಕಿಟ್ಕಿ ಪಕ್ಕ, ಮೂರನೇ ಬೆಂಚು" ಎಂದರು ಆಮೇಲೆ. "ಓದಕ್ ಬಂದಿದ್ರೆ ನಾನು ಅಲ್ಲೇ ಕುಂತ್ಕತಿದ್ದೆ ಕಣ್ಲಾ."